ಹನ್ನೊಂದನೆಯ ಅಂಗಡಿ



ನಮ್ಮ ಸಿಂದಗಿಯ ಪೇಟೆಯೊಳಗೆ ಒಂದು ಸುತ್ತು ಹಾಕಿ ಬನ್ನಿ. ಮೊಬೈಲ್ ಅಂಗಡಿಯ ಪಕ್ಕ ಮೊಬೈಲ್ ಅಂಗಡಿ, ಬೇಕರಿಯ ಎದುರು ಬೇಕರಿ, ಖಾನಾವಳಿಗೆ ಅಂಟಿಕೊಂಡು ಇನ್ನೊಂದು ಖಾನಾವಳಿ. ಇಂಡಿಗೆ ಹೋದರೂ ಹೀಗೆಯೇ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲೂ ಹೀಗೆಯೇ. ಒಬ್ಬರ ಅಂಗಡಿ ಚೊಲೊ ನಡೆಯುತ್ತಿದೆ ಎಂದು ಸುದ್ದಿಯಾದರೆ ಸಾಕು, ಬರುವ ದೀಪಾವಳಿಯೊಳಗೆ ಅದೇ ಸಾಲಿನಲ್ಲಿ ಅದೇ ಮಾಲಿನ ಅಂಗಡಿಗಳು ಇನ್ನೆರಡು ಪೂಜೆ ಮಾಡಿಕೊಂಡಿರುತ್ತವೆ. ಹತ್ತು ಅಂಗಡಿ ಇದ್ದಲ್ಲಿ ಹನ್ನೊಂದನೆಯದನ್ನು ತೆರೆಯುವ ಹುಡುಗನಿಗೆ ನಾನು ಯಾವಾಗಲೂ ಒಂದೇ ಮಾತು ಕೇಳುತ್ತೇನೆ: "ಗಿರಾಕಿ ಆ ಹತ್ತು ಅಂಗಡಿ ದಾಟಿ ನಿನ್ನ ಹತ್ರ ಯಾಕ ಬರಬೇಕಪ್ಪಾ?" ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ನಾ ರೇಟ್ ಕಡಿಮಿ ಹಚ್ಚತೀನ್ರಿ ಸರ್."

ಈ ಉತ್ತರ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಅದರ ಲೆಕ್ಕ ಬಹಳ ಕಠೋರವಾದದ್ದು. ತೊಂಬತ್ತು ರೂಪಾಯಿಗೆ ತಂದ ಮಾಲನ್ನು ನೂರಕ್ಕೆ ಮಾರಿದರೆ ಹತ್ತು ರೂಪಾಯಿ ಉಳಿಯುತ್ತದೆ. ಗಿರಾಕಿಯನ್ನು ಸೆಳೆಯಲು ಐದು ರೂಪಾಯಿ ಇಳಿಸಿದಿರಿ ಎನ್ನಿ. ಗಿರಾಕಿಗೆ ಕಡಿಮೆಯಾದದ್ದು ನೂರಕ್ಕೆ ಐದು, ಆದರೆ ನಿಮ್ಮ ಲಾಭದಲ್ಲಿ ಅರ್ಧ ಹೋಯಿತು. ಮೊದಲಿನಷ್ಟೇ ರೊಕ್ಕ ಮನೆಗೆ ಒಯ್ಯಬೇಕಾದರೆ ಎರಡರಷ್ಟು ಮಾಲು ಮಾರಬೇಕು. ಎದುರಿನ ಹಳೆಯ ಅಂಗಡಿಯವರು ಗಾಡಿಗಟ್ಟಲೆ ಮಾಲು ಇಳಿಸುತ್ತಾರೆ, ನಿಮಗೆ ತೊಂಬತ್ತಕ್ಕೆ ಬಿದ್ದದ್ದು ಅವರಿಗೆ ಎಂಬತ್ತಾರಕ್ಕೆ ಬಿದ್ದಿರುತ್ತದೆ. ಸುಗ್ಗಿ ಬರುವವರೆಗೆ ಉದ್ರಿ ಕೊಟ್ಟು ಕಾಯುವ ಶಕ್ತಿಯೂ ಅವರಿಗಿದೆ. ನೀವು ಐದು ಇಳಿಸಿದ ದಿನವೇ ಅವರು ಆರು ಇಳಿಸಬಲ್ಲರು. ಸಾಲ ತಂದು ಅಂಗಡಿ ಹಾಕಿದ ಹುಡುಗ ಈ ಜಿದ್ದಿಗೆ ಇಳಿದರೆ ವರ್ಷ ತುಂಬುವುದರೊಳಗೆ ಶಟರ್ ಎಳೆಯುತ್ತಾನೆ. ಎಳೆದವರ ಮನೆಗಳನ್ನು ನಾನು ಬಲ್ಲೆ, ನೀವೂ ಬಲ್ಲಿರಿ.

ಹಾಗಾದರೆ ಸಣ್ಣ ಬಂಡವಾಳದ ಹೊಸಬ ಎದ್ದು ಕಾಣುವುದು ಹೇಗೆ? ನಾನು ಕಂಡುಕೊಂಡ ಉತ್ತರ ಇಷ್ಟು. ಬೇರೆ ಯಾರೂ ಖಾತ್ರಿ ಕೊಡಲಾಗದ ಒಂದು ಸಂಗತಿಗೆ ನೀವು ಖಾತ್ರಿ ಕೊಡಬೇಕು, ಅದರ ಮೇಲೆ ನಿಮ್ಮ ಹೆಸರನ್ನೇ ಬರೆಯಬೇಕು. ಅಂಥ ಸಂಗತಿಗಳಿಗೆ ನಮ್ಮ ಸೀಮೆಯಲ್ಲಿ ಬರಗಾಲವಿಲ್ಲ. ಬರಗಾಲ ಇರುವುದು ಹೆಸರಿಗೆ.

ಚಪ್ಪಲಿಯನ್ನೇ ತೆಗೆದುಕೊಳ್ಳಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ನಮ್ಮ ವಿಜಯಪುರ ಜಿಲ್ಲೆಗೂ ಆ ಹಕ್ಕು ಬಂತು. ಅಂದರೆ ಇಲ್ಲಿಯ ಕುಶಲಕರ್ಮಿಗಳ ಕೈಯೂ ಆ ಚಪ್ಪಲಿಯಲ್ಲಿದೆ ಎಂದು ಕಾನೂನೇ ಒಪ್ಪಿದೆ. ಆದರೆ ಪೇಟೆಯಲ್ಲಿ ಮೆರೆಯುವ ಹೆಸರು ಕೊಲ್ಹಾಪುರದ್ದು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಅದೇ ರೀತಿಯ ಚಪ್ಪಲಿಗಳನ್ನು ತೋರಿಸಿತು, ಮೂಲ ಯಾವುದೆಂದು ಹೇಳಲಿಲ್ಲ. ನಮ್ಮ ದೇಶದಲ್ಲಿ ಗದ್ದಲವೆದ್ದ ಮೇಲೆ ಇದಕ್ಕೆ ಪ್ರೇರಣೆ ಭಾರತದ ಚಪ್ಪಲಿ ಎಂದು ಒಪ್ಪಿಕೊಂಡಿತು. ಗದ್ದಲ ಎಬ್ಬಿಸುವುದಕ್ಕಾದರೂ ಒಂದು ಹೆಸರು ಇತ್ತಲ್ಲ! ಹೆಸರಿಲ್ಲದ ಮಾಲನ್ನು ಯಾರಾದರೂ ಎತ್ತಿಕೊಂಡು ಹೋದರೆ ಕೇಳುವವರೇ ಇರುವುದಿಲ್ಲ.

ಒಣದ್ರಾಕ್ಷಿಯ ಕತೆಯೂ ಇದೇ. ನಮ್ಮ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿಯಿಂದಾದ ಒಣದ್ರಾಕ್ಷಿ ಬಹಳ ಕಾಲದಿಂದ ಮಹಾರಾಷ್ಟ್ರದ ತಾಸಗಾಂವ, ಸಾಂಗಲಿ ಪೇಟೆಗಳಿಗೆ ಹೋಗುತ್ತ ಬಂದಿದೆ. ಅಲ್ಲಿಂದ ಮುಂದೆ ಹೋಗುವ ಪೆಟ್ಟಿಗೆಯನ್ನು ಕೊಳ್ಳುವವರಿಗೆ ಅದು ಯಾವ ಊರಿನ ತೋಟದ್ದೆಂದು ತಿಳಿಯುವುದೇ ಇಲ್ಲ. ಬೆಳೆದವರು ನಾವು, ಒಣಗಿಸಿದವರು ನಾವು, ಹೆಸರು ಮಾತ್ರ ಇನ್ನೊಂದು ಪೇಟೆಯದು.

ಇಂಡಿಯ ಲಿಂಬೆ ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದೆ ಹೋಗಿದೆ. ತೆಳು ಸಿಪ್ಪೆಯ, ರಸ ತುಂಬಿದ ಈ ಕಾಗ್ಜಿ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲೇ ಇದೆ. 'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲಿ ವಿಜಯಪುರ ಜಿಲ್ಲೆಗೆ ಆಯ್ಕೆಯಾದದ್ದೂ ಲಿಂಬೆಯೇ. ಇದರಿಂದ ರೈತರಿಗೆ ಅನುಕೂಲವಾಗಿದೆ, ಸಂತೋಷದ ಸಂಗತಿ. ಆದರೆ ಹೊಸದಾಗಿ ಉದ್ಯಮ ಮಾಡುವ ತಾಯಂದಿರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಜಿಲ್ಲೆಗೆ ಲಿಂಬೆ ಎಂದು ಗೊತ್ತಾದ ಕೂಡಲೇ ಎಲ್ಲ ಸ್ವಸಹಾಯ ಸಂಘಗಳೂ ಲಿಂಬಿಕಾಯಿ ಉಪ್ಪಿನಕಾಯಿ ಹಾಕತೊಡಗಿದರೆ ಏನಾಗುತ್ತದೆ? ಮೇಳಗಳ ಮಳಿಗೆಯಲ್ಲಿ ನೋಡಿ. ಅದೇ ಪ್ಲಾಸ್ಟಿಕ್ ಡಬ್ಬಿ, ಅದೇ ಹಳದಿ ಚೀಟಿ, ಅದೇ ರುಚಿ. ಇಂಡಿ ಎಂಬುದು ಊರಿನ ಹೆಸರು, ಎಲ್ಲರಿಗೂ ಸೇರಿದ್ದು. ಅದನ್ನು ಕಾನೂನುಬದ್ಧವಾಗಿ ಬಳಸಬೇಕಾದರೂ 1999ರ ಭೌಗೋಳಿಕ ಗುರುತುಗಳ ಕಾಯ್ದೆಯ ಪ್ರಕಾರ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ನೋಂದಾಯಿಸಿಕೊಂಡರೂ ನೀವು ಆ ಹೆಸರಿನ ಹಲವು ಪಾಲುದಾರರಲ್ಲಿ ಒಬ್ಬರು, ಅಷ್ಟೇ. ಊರಿನ ಹೆಸರು ಗಿರಾಕಿಯನ್ನು ಬಾಗಿಲವರೆಗೆ ಕರೆತರುತ್ತದೆ. ಒಳಗೆ ಕರೆಯುವುದು ನಿಮ್ಮ ಸ್ವಂತ ಹೆಸರಿನ ಕೆಲಸ.

ಅದಕ್ಕೊಂದು ಉದಾಹರಣೆ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಅಜ್ಜಿಯರು ಎಣ್ಣೆ ಹಾಕದೆ, ಬರೀ ಉಪ್ಪಿನಲ್ಲಿ ಲಿಂಬಿಕಾಯಿ ಹಾಕಿ ಭರಣಿಯಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಕಪ್ಪಗೆ ತಿರುಗಿ ಮೆತ್ತಗಾದ ಆ ಹಳೆಯ ಹೋಳು, ಜ್ವರ ಬಿಟ್ಟ ಬಾಯಿಗೆ ಗಂಜಿಯ ಜೊತೆ ಹಿತವಾಗಿರುತ್ತಿತ್ತು. ಇಂದು ಪೇಟೆಯಲ್ಲಿ ಅದನ್ನು ಕೇಳಿದರೆ ಸಿಗುವುದು ಕಷ್ಟ. ಯಾವುದಾದರೊಂದು ಸಂಘದವರು ಅದನ್ನೇ ಹಿಡಿದು, ಭರಣಿಯ ಮೇಲೆ ಕಾಯಿ ಹಾಕಿದ ವರ್ಷವನ್ನು ಬರೆದು, ಒಂದು ವರ್ಷದ್ದಕ್ಕೆ ಒಂದು ದರ, ಮೂರು ವರ್ಷದ್ದಕ್ಕೆ ಇನ್ನೊಂದು ದರ ಎಂದು ಮಾರಲಿ. ಮಳೆಗಾಲದಲ್ಲಿ ಲಿಂಬೆಯ ದರ ನೆಲ ಕಚ್ಚಿದಾಗ ಕೊಂಡು ಹಾಕಿದ ಕಾಯಿ ಅದು, ಬಂಡವಾಳವೂ ಕಡಿಮೆ. ಎದುರಾಳಿ ಇದನ್ನು ನಾಳೆಯೇ ನಕಲು ಮಾಡಲಾರ. ಮೂರು ವರ್ಷ ಹಳೆಯದು ಬೇಕಾದರೆ ಅವನೂ ಮೂರು ವರ್ಷ ಕಾಯಲೇಬೇಕು.

ಇನ್ನು ಜೋಳದ ರೊಟ್ಟಿಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಮಾತಾಡಬೇಕು, ಯಾಕೆಂದರೆ ನಮ್ಮ ತಾಲೂಕಿನ ಹೆಣ್ಣುಮಕ್ಕಳ ಕೈಯಲ್ಲಿರುವ ಅತಿ ದೊಡ್ಡ ಬಂಡವಾಳ ಅದೇ.

ಪಕ್ಕದ ಕಲಬುರಗಿಯಲ್ಲಿ ಜಿಲ್ಲಾಡಳಿತವೂ ಮಹಿಳಾ ಸ್ವಸಹಾಯ ಸಂಘಗಳೂ ಸೇರಿ 'ಕಲಬುರಗಿ ರೊಟ್ಟಿ' ಎಂಬ ಹೆಸರನ್ನು ಕಟ್ಟಿದ್ದಾರೆ. ಮನೆಮನೆಯಲ್ಲಿ ಬಡಿಯುತ್ತಿದ್ದ ರೊಟ್ಟಿ ಒಂದು ಹೆಸರಿನಡಿ, ಒಂದು ಕಟ್ಟಿನಲ್ಲಿ ದೂರದ ನಗರಗಳಿಗೆ ಹೋಗುತ್ತಿದೆ. ಸಿಂದಗಿಯಿಂದ ನೋಡುವವರಿಗೆ ಇದರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದೇನೂ ಇಲ್ಲ. ಒಣಗಿಸಿದ ಕಟಕ ರೊಟ್ಟಿಯನ್ನು ರೊಕ್ಕ ಕೊಟ್ಟು ತರಿಸಿಕೊಳ್ಳುವ ಗಿರಾಕಿಗಳು ಬೆಂಗಳೂರು, ಪುಣೆಗಳಲ್ಲಿ ಇದ್ದಾರೆ ಎಂಬುದನ್ನು ಅವರು ತೋರಿಸಿಕೊಟ್ಟಂತಾಯಿತು. ನಮ್ಮ ಮುಂದಿರುವ ಪ್ರಶ್ನೆ, ಅದೇ ಗಿರಾಕಿ ಸಿಂದಗಿಯ ರೊಟ್ಟಿಯನ್ನು ಯಾಕೆ ಕೇಳಿ ತರಿಸಬೇಕು?

ಕಾಳಿನಿಂದ ಶುರು ಮಾಡೋಣ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹುಟ್ಟಿದ್ದು ನಮ್ಮ ಜಿಲ್ಲೆಯ ಡೋಣಿ ನದಿಯ ಕರಿನೆಲದಲ್ಲಿ. ಹಿಂಗಾರಿನಲ್ಲಿ ಬಿತ್ತಿ, ನೆಲದ ಹಸಿಯ ಮೇಲೆಯೇ ಚಳಿಗಾಲ ಕಳೆದು ಬರುವ ಮಾಲದಂಡಿ ಬಿಳಿಜೋಳದ ರುಚಿ ಬೇರೆ. ತೆನೆ ಕಟ್ಟುವಾಗ ಮಳೆಗೆ ಸಿಕ್ಕ ಮುಂಗಾರಿನ ಜೋಳ ಬೂಸು ಹಿಡಿದು ಕಪ್ಪಾಗುತ್ತದೆ, ರೊಟ್ಟಿಗೂ ಆ ಬಣ್ಣವೇ ಬರುತ್ತದೆ. ಇದು ನಮಗೆ ಗೊತ್ತು, ಬೆಂಗಳೂರಿನ ಗಿರಾಕಿಗೆ ಗೊತ್ತಿಲ್ಲ. ಹೇಳಿದರೆ ತಾನೇ ಗೊತ್ತಾಗುವುದು?

ಆಮೇಲೆ ಹಿಟ್ಟು. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಎಸರು ಕುದಿಸಿ ಹಿಟ್ಟಿಗೆ ಹಾಕುತ್ತೇವೆ, ಬಿಸಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಆ ಜಿಗಿ ಉಳಿಯುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ, ತಿಂದರೆ ಸ್ವಲ್ಪ ಕಹಿಯೂ ಹೊಡೆಯುತ್ತದೆ. ಹೀಗಾಗಿ ರೊಟ್ಟಿಯ ಕಟ್ಟಿನ ಮೇಲೆ ಬಡಿದ ತಾರೀಖಿನ ಜೊತೆ ಹಿಟ್ಟು ಬೀಸಿದ ತಾರೀಖನ್ನೂ ಬರೆದು ನೋಡಿ. ಹೆಚ್ಚಿಗೆ ಒಂದು ಪೈಸೆ ಖರ್ಚಿಲ್ಲ. ಆದರೆ ಒಂದು ಸಲ ಬರೆಯಲು ಹಿಡಿದ ಮೇಲೆ ಹಳೆಯ ಹಿಟ್ಟನ್ನು ಬಳಸುವ ಹಾಗಿಲ್ಲ. ಈ ಕಟ್ಟುಪಾಡೇ ನಿಮ್ಮನ್ನು ಉಳಿದವರಿಂದ ಬೇರೆ ಮಾಡುತ್ತದೆ. ಯಾವ ಊರಿನ ಹೊಲದ ಜೋಳ, ಯಾವ ವರ್ಷದ ಸುಗ್ಗಿಯದು, ಯಾವಾಗ ಬೀಸಿದ್ದು, ಯಾರು ಬಡಿದದ್ದು, ಈ ನಾಲ್ಕು ಸಂಗತಿ ಒಂದು ಸಣ್ಣ ಚೀಟಿಯಲ್ಲಿ ಬಂದರೆ ದೂರದ ಗಿರಾಕಿ ಎರಡನೆಯ ಸಲ ಫೋನ್ ಮಾಡುವಾಗ "ಆ ರೊಟ್ಟಿ" ಎಂದು ಗುರುತು ಹೇಳಿ ಕೇಳುತ್ತಾನೆ.

ಕಟಕ ರೊಟ್ಟಿಯ ದೊಡ್ಡ ತೊಂದರೆ ಅದು ಕೆಡುವುದಲ್ಲ, ಮುರಿಯುವುದು. ಸರಿಯಾಗಿ ಒಣಗಿದ್ದರೆ ಬಹಳ ದಿನ ಬಾಳುತ್ತದೆ, ಆದರೆ ಬಸ್ಸಿನ ಮೇಲೆ ಹಾಕಿ ಕಳಿಸಿದರೆ ಪುಣೆ ಮುಟ್ಟುವಷ್ಟರಲ್ಲಿ ಅರ್ಧ ಚೂರಾಗಿರುತ್ತದೆ. ಎಲ್ಲರೂ ರುಚಿಯ ಬಗ್ಗೆ ಮಾತಾಡುತ್ತಾರೆ, ಈ ಚೂರಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ರೊಟ್ಟಿಯ ಅಗಲಕ್ಕೆ ಸರಿಯಾದ ಗಟ್ಟಿ ರಟ್ಟಿನ ಪೆಟ್ಟಿಗೆ ಮಾಡಿಸಿ, ಮುರಿದ ರೊಟ್ಟಿಗೆ ಬದಲಿ ರೊಟ್ಟಿ ಕೊಡುತ್ತೇವೆಂದು ಮೊದಲು ಹೇಳುವವರು ಯಾರೋ, ಅವರು ಗೆಲ್ಲುತ್ತಾರೆ ಎಂದು ನಾನು ನಂಬಿದ್ದೇನೆ. ಗಿರಾಕಿಯ ನಿಜವಾದ ಬೇಸರ ಎಲ್ಲಿದೆಯೋ ಅಲ್ಲಿ ಕೈಹಾಕಬೇಕು.

ಇನ್ನೊಂದು ಮಾತು. ರೊಟ್ಟಿ ಚೆನ್ನಾಗಿ ಹೋಗತೊಡಗಿದ ಕೂಡಲೇ ಚಕ್ಕುಲಿ, ಹಪ್ಪಳ, ಸಂಡಿಗೆ, ಮಸಾಲೆ, ಸೀರೆ ಪಿಕೋ, ಎಲ್ಲವನ್ನೂ ಒಂದೇ ಫಲಕದ ಮೇಲೆ ಬರೆಯಬೇಡಿ ತಾಯಂದಿರೇ. ರೊಟ್ಟಿಯ ಜೊತೆಗೆ ತಟ್ಟೆಯಲ್ಲಿ ಬರುವ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಇರಲಿ, ಅವು ರೊಟ್ಟಿಯ ಬಳಗದವು. ಅಲ್ಲಿಗೆ ನಿಲ್ಲಿಸಿ. ಹತ್ತು ಮಾಲು ಮಾಡುವವರ ಹೆಸರು ಯಾವ ಮಾಲಿಗೂ ಅಂಟುವುದಿಲ್ಲ. ಗೋಕಾಕ, ಅಮೀನಗಡ ಎಂದರೆ ಕರದಂಟು, ಬೆಳಗಾವಿ ಎಂದರೆ ಕುಂದಾ ನೆನಪಾಗುತ್ತದಲ್ಲ, ಆ ಊರುಗಳಲ್ಲಿ ಬೇರೆ ಸಿಹಿ ಮಾಡುವುದಿಲ್ಲವೆಂದಲ್ಲ. ಒಂದನ್ನು ಮುಂದಿಟ್ಟುಕೊಂಡು ಬಂದರು, ತಲೆಮಾರುಗಳ ಕಾಲ ಅದನ್ನು ಬಿಡಲಿಲ್ಲ.

ಧಾರವಾಡದ ಪೇಢೆಯಲ್ಲಿ ಇನ್ನೂ ಸೂಕ್ಷ್ಮವಾದ ಪಾಠವಿದೆ. ಉತ್ತರ ಪ್ರದೇಶದ ಉನ್ನಾವದಿಂದ ವಲಸೆ ಬಂದ ಠಾಕೂರ ಮನೆತನ ಧಾರವಾಡದಲ್ಲಿ ಪೇಢೆ ಮಾಡತೊಡಗಿತು, ಲೈನ್ ಬಜಾರಿನ ಅವರ ಅಂಗಡಿಯ ಮುಂದೆ ಜನ ಸಾಲು ನಿಂತು ಕೊಳ್ಳುವುದು ಪ್ರಸಿದ್ಧವಾಯಿತು. ಮಿಶ್ರಾ ಪೇಢೆಯವರು ಬೇರೆ ದಾರಿ ಹಿಡಿದರು, ಊರೂರಿಗೆ ಮಳಿಗೆ ತೆರೆದು ಹೋದಲ್ಲೆಲ್ಲ ಪೇಢೆ ಸಿಗುವಂತೆ ಮಾಡಿದರು. ಒಬ್ಬರ ಹೆಗ್ಗಳಿಕೆ "ಇಲ್ಲಿಗೇ ಬರಬೇಕು" ಎಂಬುದರಲ್ಲಿ, ಇನ್ನೊಬ್ಬರದು "ಎಲ್ಲಿ ಹೋದರೂ ಸಿಗುತ್ತದೆ" ಎಂಬುದರಲ್ಲಿ. ಒಂದೇ ಊರು, ಒಂದೇ ತಿನಿಸು, ಎರಡೂ ಬಾಳಿದವು. ಒಬ್ಬರನ್ನೊಬ್ಬರು ನಕಲು ಮಾಡಿದ್ದರೆ ಇಬ್ಬರಲ್ಲಿ ಒಬ್ಬರು ಉಳಿಯುತ್ತಿರಲಿಲ್ಲವೇನೋ. ಪೈಪೋಟಿ ಎಂದರೆ ಎದುರಿನವನನ್ನು ಮುಗಿಸುವುದು ಎಂದು ತಿಳಿದಿರುವ ನಮ್ಮ ಹುಡುಗರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ತಿನಿಸಿನ ಮಾತಾಯಿತು. ರಿಪೇರಿ, ಹೊಲಿಗೆಯಂಥ ಕೆಲಸದ ಅಂಗಡಿ ಹಾಕುವವರು ಏನು ಮಾಡಬೇಕು? ಅಲ್ಲಿ ಮಾಲಿಗಿಂತ ಮಾತಿಗೆ ಬೆಲೆ. ನಮ್ಮ ಭಾಗದಲ್ಲಿ ಬೋರ್‌ವೆಲ್ ಮೋಟಾರು ಸುಡುವುದು ಬೇಸಿಗೆಯ ನಿತ್ಯದ ಗೋಳು. ಕಬ್ಬು ಬಾಡುತ್ತಿರುತ್ತದೆ, ಲಿಂಬಿ ಗಿಡದ ಹೀಚು ಉದುರುತ್ತಿರುತ್ತದೆ, ರೈತ ರಿವೈಂಡಿಂಗ್ ಅಂಗಡಿಯ ಮುಂದೆ "ನಾಳೆ ಬರ್ರಿ" ಕೇಳಿಸಿಕೊಂಡು ನಿಂತಿರುತ್ತಾನೆ. ಅವನಿಗೆ ಬೇಕಾದದ್ದು ಇನ್ನೂರು ರೂಪಾಯಿ ರಿಯಾಯಿತಿ ಅಲ್ಲ, ನೀರು. ಹೊಸದಾಗಿ ಅಂಗಡಿ ಹಾಕುವ ಹುಡುಗ ಎರಡು ಹಳೆಯ ಮೋಟಾರುಗಳನ್ನು ಸರಿಮಾಡಿ ಇಟ್ಟುಕೊಂಡು, "ನಿಮ್ಮದು ತಯಾರಾಗೋ ತನಕ ಇದನ್ನ ಇಳಿಸ್ಕೊಳ್ರಿ" ಎಂದು ಬಾಡಿಗೆಗೆ ಕೊಟ್ಟರೆ, ಸುತ್ತಲ ಹತ್ತು ಹಳ್ಳಿಯ ರೈತರು ಅವನ ಹೆಸರು ಹೇಳದೆ ಇನ್ನಾರ ಹೆಸರು ಹೇಳುತ್ತಾರೆ? ಹೊಲಿಗೆಯಲ್ಲೂ ಅಷ್ಟೇ. ಲಗ್ನಸರಾಯಿಯಲ್ಲಿ ಶುಕ್ರವಾರ ಕೊಡುತ್ತೇನೆಂದು ಹೇಳಿ ಶುಕ್ರವಾರವೇ ಜಂಪರು ಕೊಡುವ ಅಕ್ಕ ಸಿಕ್ಕರೆ ಊರ ಹೆಣ್ಣುಮಕ್ಕಳು ಹತ್ತು ರೂಪಾಯಿ ಹೆಚ್ಚಾದರೂ ಅಲ್ಲಿಗೇ ಹೋಗುತ್ತಾರೆ.

ಖಾನಾವಳಿಯವರೂ ಯೋಚಿಸಬೇಕು. ವಿಜಯಪುರದಿಂದ ಕಲಬುರಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಸಿಂದಗಿಯನ್ನು ಹಾಯ್ದೇ ಹೋಗುತ್ತದೆ. ದಾರಿಹೋಕರು ಸಾಕಷ್ಟಿದ್ದಾರೆ. ಸಂಸಾರ ಸಮೇತ ಕಾರಿನಲ್ಲಿ ಹೋಗುವವರು ಊಟಕ್ಕೆ ಎಲ್ಲಿ ನಿಲ್ಲಬೇಕೆಂದು ನೋಡುವಾಗ ಮೊದಲು ಹುಡುಕುವುದು ಹೆಣ್ಣುಮಕ್ಕಳಿಗೆ ಚೊಕ್ಕಟವಾದ ಶೌಚಾಲಯ. ಎಣ್ಣೆಗಾಯಿ, ಝುಣಕ, ಪುಂಡಿ ಪಲ್ಯ ಎಲ್ಲರಲ್ಲೂ ಇದೆ. ನೀರು ಬರುವ, ಚಿಲಕ ಇರುವ, ಬೆಳಕಿರುವ ಶೌಚಾಲಯ ಎಷ್ಟು ಕಡೆ ಇದೆ? ಅದನ್ನು ಮಾಡಿ, ಫಲಕದ ಮೇಲೆ ಊಟದ ಹೆಸರಿಗಿಂತ ಮೇಲೆ ಬರೆಯಿರಿ.

ಕಾಗದಪತ್ರದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ತಿನ್ನುವ ಮಾಲಿನ ಕಟ್ಟಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇರಬೇಕು. ತೂಕ, ಗರಿಷ್ಠ ಮಾರಾಟ ದರ, ತಯಾರಿಸಿದವರ ಹೆಸರು ವಿಳಾಸ, ತಯಾರಿಸಿದ ತಾರೀಖು, ದೂರು ಹೇಳಲು ಫೋನ್ ನಂಬರು, ಇವು ಕಾನೂನು ಕೇಳುವಂಥವು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಅದಕ್ಕೆಂದು ಯಾರಿಗೂ ರೊಕ್ಕ ಕೊಡಬೇಡಿ. ನಿಮ್ಮ ಹೆಸರು, ಗುರುತನ್ನು ಬೇರೆಯವರು ಬಳಸದಂತೆ ಟ್ರೇಡ್‌ಮಾರ್ಕ್ ಮಾಡಿಸಬಹುದು. ಸಣ್ಣ ಉದ್ಯಮದವರು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ನೋಂದಣಿಯಾದರೆ ಹತ್ತು ವರ್ಷ ರಕ್ಷಣೆ, ಮುಂದೆ ನವೀಕರಿಸಬಹುದು. ಶ್ರೀ ಬಸವೇಶ್ವರ, ಶ್ರೀ ಮಲ್ಲಿಕಾರ್ಜುನ ಎಂದು ದೇವರ ಹೆಸರಿಡುವುದು ನಮ್ಮ ಭಕ್ತಿ, ಬಿಡಬೇಕಾಗಿಲ್ಲ. ಅದರ ಕೆಳಗೆ ನಿಮ್ಮದೇ ಎಂದು ಗುರುತು ಸಿಗುವ ಇನ್ನೊಂದು ಮಾತು ಸೇರಿಸಿ. ಊರಿನಲ್ಲಿ ಅದೇ ದೇವರ ಹೆಸರಿನ ಇನ್ನೂ ಹತ್ತು ಅಂಗಡಿ ಇರುತ್ತವೆ.

ಆಹಾರ ಸಂಸ್ಕರಣೆಯ ಸಣ್ಣ ಘಟಕಗಳಿಗಾಗಿ 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಕಿರು ಆಹಾರ ಉದ್ಯಮ ಯೋಜನೆಯಲ್ಲಿ ಕೇಂದ್ರದ ಶೇಕಡಾ 35ರ ಸಹಾಯಧನಕ್ಕೆ ಕರ್ನಾಟಕ ಸರ್ಕಾರ ಶೇಕಡಾ 15 ಸೇರಿಸಿ ಅರ್ಧದಷ್ಟು ನೆರವು ಕೊಡುತ್ತ ಬಂದಿದೆ. ಕೃಷಿ ಇಲಾಖೆಯಲ್ಲಿ ಈಗಿನ ನಿಯಮ ಕೇಳಿ ತಿಳಿದುಕೊಳ್ಳಿ. ಇಂಡಿಯಲ್ಲೂ ವಿಜಯಪುರದ ಹಿಟ್ಟಿನಹಳ್ಳಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ, ಒಣಗಿಸುವುದು, ಕಟ್ಟುವುದು, ಕೆಡದಂತೆ ಇಡುವುದು ಕೇಳಲು ಅಲ್ಲಿಗೆ ಹೋಗಲು ಹಿಂಜರಿಯಬೇಡಿ. ಆದರೆ ಸಹಾಯಧನ ಸಿಗುತ್ತದೆ ಎಂಬ ಕಾರಣಕ್ಕೇ ಯಂತ್ರ ಕೊಳ್ಳಬೇಡಿ. ಮೊದಲು ಕೈಯಲ್ಲಿ ಮಾಡಿ, ಗೊತ್ತಿಲ್ಲದವರಿಗೆ ಮಾರಿ ನೋಡಿ. ನೆಂಟರು ಕೊಂಡರೆ ಅದು ಪ್ರೀತಿ. ಗುರುತಿಲ್ಲದವರು ಎರಡನೆಯ ಸಲ ಬಂದು ಕೊಂಡರೆ ಅದು ವ್ಯಾಪಾರ.

ಒಂದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಎದ್ದು ಕಾಣಬೇಕೆಂದು ಇಲ್ಲದ್ದನ್ನು ಬರೆಯಬೇಡಿ. ಪ್ರಮಾಣಪತ್ರವಿಲ್ಲದೆ ಸಾವಯವ ಎಂದು, ಹೈಬ್ರಿಡ್ ಜೋಳಕ್ಕೆ ಮಾಲದಂಡಿ ಎಂದು, ಪೇಟೆಯ ಬೆಲ್ಲಕ್ಕೆ ಮನೆ ಗಾಣದ ಬೆಲ್ಲ ಎಂದು ಬರೆದವರಿಂದಾಗಿ ನಿಜವಾಗಿ ಹಾಗೆ ಮಾಡುವವರ ಮಾತನ್ನೂ ಯಾರೂ ನಂಬದಂತಾಗುತ್ತಿದೆ. ನಮ್ಮಂಥ ಊರಿನಲ್ಲಿ ಸುಳ್ಳು ಒಂದು ಸಂತೆಯಿಂದ ಇನ್ನೊಂದು ಸಂತೆಯೊಳಗೆ ಬಯಲಾಗುತ್ತದೆ, ಮತ್ತೆ ಆ ಹೆಸರನ್ನು ತೊಳೆದುಕೊಳ್ಳಲು ಆಗುವುದಿಲ್ಲ.

ಹೊಸದಾಗಿ ಏನಾದರೂ ಮಾಡಬೇಕೆಂದಿರುವ ರೈತರ ಮಕ್ಕಳಿಗೆ ಒಂದು ಸಲಹೆ ಕೊಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಳಗವನ್ನೆಲ್ಲ ಕೂಡಿಸಿ ಉಣ್ಣುವ ನಾವು, ಹಾಲುಗಾಳಿನ ಜೋಳವನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಬಿಸಿಬಿಸಿ ಸೀತನಿ ತಿನ್ನುತ್ತೇವೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದನ್ನೇ ಹುರಡಾ ಎಂದು ಕರೆದು, ನಗರದ ಸಂಸಾರಗಳನ್ನು ಹೊಲಕ್ಕೆ ಕರೆಸಿ ಚಳಿಗಾಲದ ಒಳ್ಳೆಯ ಉದ್ಯಮ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಹೊಲವಿದೆ, ಹೆದ್ದಾರಿಯಿದೆ, ತಿನ್ನುವ ರೂಢಿಯಿದೆ. ಹೆದ್ದಾರಿಗೆ ಹತ್ತಿರ ಹೊಲ ಇದ್ದವರು ಬರುವ ಹಿಂಗಾರಿನಲ್ಲಿ ಸಕ್ಕರಿ ಮುಕ್ಕರಿಯಂಥ ಸೀತನಿಯ ಜೋಳವನ್ನು ಕೆಲವು ಗುಂಟೆಯಲ್ಲಿ ಬೇರೆಯಾಗಿ ಬಿತ್ತಿ. ಒಂದೇ ದಿನ ಬಿತ್ತಬೇಡಿ. ಹಾಲುಗಾಳು ಗಟ್ಟಿಯಾಗಲು ಹೆಚ್ಚು ದಿನ ಬೇಕಾಗುವುದಿಲ್ಲ. ವಾರ ಬಿಟ್ಟು ವಾರ ಸಾಲು ಹಿಡಿದು ಬಿತ್ತಿದರೆ ಸೀತನಿಯ ಕಾಲ ವಾರಗಟ್ಟಲೆ ಮುಂದುವರಿಯುತ್ತದೆ. ಬೆಲ್ಲ, ಒಣಕೊಬ್ಬರಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಮನೆಯಲ್ಲೇ ಇರುತ್ತವೆ. ಕೂರಲು ಒಂದು ಜಮಖಾನ, ಕೈತೊಳೆಯಲು ನೀರು, ದಾರಿ ತೋರಿಸಲು ಹೆದ್ದಾರಿಯ ಪಕ್ಕ ಕನ್ನಡದಲ್ಲಿ ಬರೆದ ಒಂದು ಫಲಕ, ಅದರ ಮೇಲೆ ನಿಮ್ಮ ಊರಿನ ಹೆಸರು, ಅದರ ಕೆಳಗೆ ನಿಮ್ಮ ಮನೆತನದ ಹೆಸರು. ಬಿತ್ತನೆಗೆ ಮುಂಚೆಯೇ ಕಾಲೇಜಿನ ಗೆಳೆಯರಿಗೆ, ವಿಜಯಪುರ, ಕಲಬುರಗಿಯಲ್ಲಿ ನೌಕರಿಯಲ್ಲಿರುವ ಪರಿಚಯದವರಿಗೆ ವಾಟ್ಸಾಪಿನಲ್ಲಿ ತಿಳಿಸಿ, ಯಾವ ಭಾನುವಾರ ಬರುತ್ತಾರೆಂದು ಈಗಲೇ ಬರೆದಿಟ್ಟುಕೊಳ್ಳಿ.